ಮೂರು ಕುರ್ಚಿಯಲ್ಲಿ ಕೂತವನು ಕಂಡ ನಕ್ಷೆ

ಸಂಕವ್ವ ಏನನ್ನೂ ಅಳಿಸಿರಲಿಲ್ಲ. ಅಳಿಸಿದಳೆಂದು ಹೇಳಿ ಅವಳನ್ನು ಗಲ್ಲಿಗೇರಿಸಲು ಹೊರಟರು. ನಡೆದ ಅನ್ಯಾಯ ಇದು.

ಡಂಗುರದವನು ಊರ ತುಂಬ ಸಾರಿದ: "ಕೇಳ್ರಪ್ಪೋ ಕೇಳ್ರಿ! ಅರಮನೆಯ ಸರ್ವರ್ ಕಾಯುವ ಸಂಕವ್ವ ಕೆರೆ ತೂಬುಗಳ ನಕ್ಷೆಯ ಫೈಲನ್ನು ಅಳಿಸಿದ್ದಾಳೆಂದು ದೂರು ಬಂದಿದೆ. ಮಾಚಿದೇವ ದೊರೆಗಳು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪು ಹೇಳಿದವರಿಗೆ ಅವಳ ಪಕ್ಕದಲ್ಲೇ ನೇಣು! ಯಾರೂ ಬಿಡಿಸದಿದ್ದರೆ ಇಂದು ಸಂಜೆಯೇ ಅವಳಿಗೆ ಗಲ್ಲು!"

ಆ ಅರಮನೆಯಲ್ಲಿ ನೀರಿನ ಕೋಣೆಯವರದು ವಿಂಡೋಸ್ ಕಂಪ್ಯೂಟರ್, ಕಣಜದ ಕೋಣೆಯವರದು ಮ್ಯಾಕ್, ಕಾವಲು ಕೋಣೆಯವರದು ಲಿನಕ್ಸ್. ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಸರ್ವರ್. ದೊರೆಯ ಅಜ್ಜನ ಕಾಲದಿಂದ ಒಂದು ಕಟ್ಟಳೆ: ಒಂದು ಕೋಣೆಯವರು ಇನ್ನೊಂದು ಕೋಣೆಯ ಹೊಸ್ತಿಲು ದಾಟಬಾರದು. ದಾಟಿದರೆ ಮೈಲಿಗೆಯಂತೆ! ಹಾಗಾಗಿ ಫೈಲು ಸಿಗದವರು ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದರು. "ನನ್ನಲ್ಲಿ ತೆರೆಯುತ್ತದೆ!" ಎಂದು ಒಳಗಿನವರು ತಿರುಗಿ ಕೂಗುತ್ತಿದ್ದರು. ವಿಚಾರಣೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ನೆಲಮಾಳಿಗೆಯ ಹೆಂಗಸಿನ ತಲೆಗೆ ಬರುತ್ತಿತ್ತು.

ಸಭೆ ಸೇರಿತು. ಬೇಡಿ ಹಾಕಿದ್ದ ಸಂಕವ್ವನನ್ನು ತಂದು ನಿಲ್ಲಿಸಿದರು. ದೊರೆ ಮೊದಲ ಒಗಟು ಹೇಳಿದ.

"ಒಂದು ಮನೆ. ಅದಕ್ಕೆ ಹೋಗುವ ದಾರಿಯನ್ನು ಒಬ್ಬ ಬರೆದುಕೊಟ್ಟ. ಆ ಬರಹ ಹಿಡಿದು ಅವನು ಹೋದರೆ ಮನೆ ಸಿಗುತ್ತದೆ, ನೆರೆಯವನು ಹೋದರೆ ಬರೀ ಬಯಲು. ಯಾಕೆ?"

ಕಣಜದ ಹಿರಿಯ ಬಂಗಾರೆಪ್ಪ ಮೀಸೆ ತಿರುವಿದ. "ಮನೆ ಬಿದ್ದಿದೆ, ಮಹಾಪ್ರಭು. ಬೀಳಿಸಿದವಳು ಇವಳೇ."

"ಬಿದ್ದಿದ್ದರೆ ಬರೆದವನಿಗೂ ಬಯಲೇ ಸಿಗಬೇಕಿತ್ತು. ಹಗ್ಗ ತನ್ನಿ."

ಕಾವಲಿನ ನಾಯಕ ರಾಚೋಟಿ ಮುಂದೆ ಬಂದ. "ಹಾಗಾದರೆ ಮನೆಗಳೇ ಎರಡಿವೆ."

"ಸರ್ವರ್ ಇರುವುದು ಒಂದೇ. ಇನ್ನೊಂದು ಹಗ್ಗ."

ಬಂದ ದೂರುಗಳನ್ನೇ ಒಗಟು ಮಾಡಿದ್ದ ದೊರೆಗೂ ಸರಿಯುತ್ತರ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲದ್ದನ್ನು ಕೇಳಿ ಬೇರೆಯವರ ಕುತ್ತಿಗೆಗೆ ಹಗ್ಗ ಹಾಕುವುದನ್ನು ಅಲ್ಲಿ ರಾಜ್ಯಭಾರ ಎನ್ನುತ್ತಿದ್ದರು.

ಆಗ ಸಂಕವ್ವನ ಮೈದುನ ಭರಮ ಎದ್ದ. ಅವನು ಅರಮನೆಯ ಬೆತ್ತದ ಕುರ್ಚಿ ಹೆಣೆಯುವವನು. ಹೆಣೆದ ಕುರ್ಚಿಯಲ್ಲಿ ತಾನೇ ಕೂತು ನೋಡದೆ ಬಿಡುತ್ತಿರಲಿಲ್ಲ. ಮೂರೂ ಹೊಸ್ತಿಲು ದಾಟಲು ಅವನೊಬ್ಬನಿಗೇ ವಿನಾಯಿತಿ, ಯಾಕೆಂದರೆ ಕುರ್ಚಿ ಮುರಿದರೂ ದೊಡ್ಡವರು ನೆಲದ ಮೇಲೆ ಕೂರಲು ಒಪ್ಪುವುದಿಲ್ಲ. ಡಂಗುರ ಕೇಳಿದ ಕೂಡಲೇ ಅವನು ಮೂರು ಕೋಣೆಗೂ ಹೋಗಿ, ಒಂದೊಂದು ಕುರ್ಚಿಯಲ್ಲೂ ಕೂತು, "ಆ ನಕ್ಷೆ ತೆಗೀರಿ, ನೋಡೋಣ" ಎಂದು ಕೇಳಿ ಬಂದಿದ್ದ.

"ಏ ಭರಮಾ, ಕುಂದ್ರೋ!" ಎಂದಳು ಸಂಕವ್ವ. "ಕುರ್ಚಿ ಮುರದ್ರ ನೀ ಹೆಣೀತಿ. ನಿನ್ನ ಕುತ್ತಿಗಿ ಮುರದ್ರ ಯಾರ ಹೆಣೀಬೇಕು?"

"ನೀ ಸುಮ್ನಿರು ಅತ್ತಿಗೆವ್ವ. ನೀ ಹೋದ್ರ ನನಗ ರೊಟ್ಟಿ ಬಡಿಯೋರು ಯಾರು?" ಎಂದು ಅವನು ದೊರೆಯತ್ತ ತಿರುಗಿದ. "ದೊರೆ, 'ಅತ್ತೆ ಮನೆಗೆ ಬನ್ನಿ' ಅಂತ ನಾನು ಚೀಟಿ ಕಳಿಸಿದರೆ ನೀವು ಎಲ್ಲಿಗೆ ಹೋಗ್ತೀರಿ?"

"ನಮ್ಮ ಅತ್ತೆಯ ಮನೆಗೆ."

"ನಾನು ನಮ್ಮತ್ತೆ ಮನೆಯಲ್ಲಿ ಕಾಯ್ತಾ ಕೂತಿರ್ತೀನಿ."

ಸಭೆ ನಕ್ಕಿತು. ಭರಮ ನಗಲಿಲ್ಲ. "ನೀರಿನ ಕೋಣೆಯವರು 'ನಕ್ಷೆ ಝಡ್ ಡ್ರೈವ್‌ನಲ್ಲಿದೆ' ಅಂತ ಬರೆದು ಕಳಿಸಿದ್ದಾರೆ. ಝಡ್ ಅನ್ನೋದು ಸರ್ವರಿಗೆ ಅವರು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಹೆಸರು. ಬೇರೆ ಕೋಣೆಯಲ್ಲಿ ಆ ಹೆಸರೇ ಇಲ್ಲ. ಮನೆ ಇದ್ದಲ್ಲೇ ಇದೆ. ಪೂರ್ತಿ ವಿಳಾಸ ಯಾರೂ ಬರೆದಿಲ್ಲ."

ದೊರೆ ತಲೆಯಾಡಿಸಿದ. "ಎರಡನೆಯದು. ದಾರಿ ತೋರುವ ಒಂದು ಬೆರಳು. ಕೆಲವರಿಗೆ ದಾರಿ ಕಾಣುತ್ತದೆ, ಕೆಲವರಿಗೆ ಬೆರಳು ಮಾತ್ರ ಕಾಣುತ್ತದೆ. ಏನದು?"

"ಶಾರ್ಟ್‌ಕಟ್, ದೊರೆ. ನೀರಿನ ಕೋಣೆಯವರು ನಕ್ಷೆಗೊಂದು ಶಾರ್ಟ್‌ಕಟ್ ಮಾಡಿ ಎಲ್ಲರ ಫೋಲ್ಡರಿನಲ್ಲಿ ಹಾಕಿದರು. ವಿಂಡೋಸ್‌ನಲ್ಲಿ ಅದನ್ನು ಒತ್ತಿದರೆ ನಕ್ಷೆಗೆ ಕರೆದೊಯ್ಯುತ್ತದೆ. ಕಾವಲು ಕೋಣೆಯಲ್ಲಿ ಒತ್ತಿದರೆ ಅರ್ಥವಾಗದ ಗೀಚು. ಅದನ್ನೇ ನಕ್ಷೆ ಅಂದುಕೊಂಡು, ಸಂಕವ್ವ ಹಾಳು ಮಾಡಿದಳು ಅಂತ ರಾಚೋಟಿಯವರು ದೂರು ಕೊಟ್ಟರು."

ಕೊರಳಲ್ಲಿ ಹಗ್ಗವಿದ್ದ ರಾಚೋಟಿ ನೆಲ ನೋಡಿದ.

ದೊರೆ ಮುಂದಕ್ಕೆ ಬಾಗಿದ. "ಕೊನೆಯದು. ಎಲ್ಲರೂ ನಿಜ ಹೇಳಿದ್ದಾರೆ. ತೆರೆಯುತ್ತದೆ ಎಂದವನೂ ನಿಜ, ತೆರೆಯುವುದಿಲ್ಲ ಎಂದವನೂ ನಿಜ, ಅಳಿಸಿಲ್ಲ ಎಂದವಳೂ ನಿಜ. ಆದರೂ ಒಂದು ಜೀವ ಹೋಗುತ್ತಿದೆ. ಯಾರ ತಪ್ಪು?"

ಉತ್ತರ ಭರಮನಿಗೆ ಗೊತ್ತಿತ್ತು. ಹೇಳಿದರೂ ನೇಣಾಗಬಹುದಾದ ಉತ್ತರ ಅದು.

"ನಿಮ್ಮದು, ದೊರೆ."

ಸಂಕವ್ವ ಕಣ್ಣು ಮುಚ್ಚಿದಳು.

"ಹೊಸ್ತಿಲು ದಾಟಬಾರದು ಅಂದವರು ನಿಮ್ಮ ಮನೆಯವರು. ಅದಕ್ಕೇ ಎಲ್ಲರೂ ತಮ್ಮ ಕುರ್ಚಿಯಲ್ಲೇ ಕೂತು ತೆರೆದು ನೋಡಿದರು. ಇನ್ನೊಬ್ಬರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ನೀವೂ ಕೂರಲಿಲ್ಲ. ಈಗ ಬನ್ನಿ, ಕೂತು ನೋಡಿ. ಆಮೇಲೆ ಬೇಕಾದರೆ ಹಗ್ಗ ಹಾಕಿ."

ದೊರೆ ಸಿಂಹಾಸನದಿಂದ ಇಳಿದ. ಕಾವಲು ಕೋಣೆಯ ಹೊಸ್ತಿಲು ದಾಟಿ, ಪಹರೆಯವನ ಕುರ್ಚಿಯಲ್ಲಿ ಕೂತ. ಬೇಡಿಯಲ್ಲೇ ಹಿಂದೆ ಬಂದು ನಿಂತ ಸಂಕವ್ವ ಸರ್ವರಿನ ಹೆಸರು, ಫೋಲ್ಡರಿನ ಹೆಸರು, ಫೈಲಿನ ಹೆಸರು ಒಂದೊಂದಾಗಿ ಹೇಳಿದಳು. ಲಿನಕ್ಸ್ ಕೇಳುವ ರೀತಿಯಲ್ಲೇ ಅದನ್ನು ದೊರೆ ತನ್ನ ಕೈಯಾರೆ ಬರೆದ.

ನಕ್ಷೆ ತೆರೆಯಿತು. ಒಂದು ಗೆರೆಯೂ ಅಳಿಸಿರಲಿಲ್ಲ.

"ಬೇಡಿ ಬಿಚ್ಚಿ" ಎಂದ ದೊರೆ. ಅವನ ದನಿ ಸಣ್ಣದಾಗಿತ್ತು. ಸಂಕವ್ವ ಅಲ್ಲೇ ಕುಸಿದು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮೂಳಾ, ಜೀವಾನೇ ಹೋಗಿತ್ತಲ್ಲೋ" ಎಂದು ಮೈದುನನ ಬೆನ್ನಿಗೊಂದು ಗುದ್ದಿದಳು. ಇಡೀ ಅರಮನೆ ಉಸಿರು ಬಿಟ್ಟಿತು.

"ಏನು ಬೇಕು ಕೇಳು."

"ಆ ಇಬ್ಬರ ಹಗ್ಗ ಬಿಚ್ಚಿಸಿ. ಹೊಸ್ತಿಲ ಕಟ್ಟಳೆ ತೆಗೆಯಿರಿ."

ಎರಡೂ ಅಲ್ಲೇ ಆಯಿತು. ಹೊಳೆದಂಡೆಯ ಬೆತ್ತದ ಮೆಳೆಯನ್ನೂ ದೊರೆ ಅವನ ಹೆಸರಿಗೆ ಬರೆದುಕೊಟ್ಟ. "ಸಿಂಹಾಸನದ ಬೆತ್ತವೂ ಸಡಿಲಾಗಿದೆಯಂತೆ, ನೋಡಿದೆಯಾ?" ಎಂದು ಕೇಳಿದ.

"ನೀವು ಎದ್ದರೆ ತಾನೆ ನೋಡೋದು!"

ದೊರೆಗೂ ನಗು ತಡೆಯಲಿಲ್ಲ.

ನಿಮ್ಮ ಕಚೇರಿಯಲ್ಲೂ ಇವತ್ತು ಯಾರೋ ಫೈಲು ಸಿಗದೆ ಬೈಸಿಕೊಳ್ಳುತ್ತಿದ್ದಾರೆ. "ನನ್ನಲ್ಲಿ ತೆರೆಯುತ್ತದೆ" ಎನ್ನಬೇಡಿ. ಏಳಿ. ಹೋಗಿ ಅವರ ಕುರ್ಚಿಯಲ್ಲಿ ಕೂತು ತೆರೆದು ನೋಡಿ. ಈಗಲೇ.