ಕುಂಕುಮ ಹಚ್ಚಿದ ಮೀಟರು

ಅದಿರಿನ ಲಾರಿಗಳು ಹಗಲೆಲ್ಲ ಓಡಾಡುವ ಒಂದು ಊರಿನಲ್ಲಿ ಪಂಪಾಪತಿ ಎಂಬ ಟೈರು ವ್ಯಾಪಾರಿಯಿದ್ದ. ಆ ಊರಿನ ಧೂಳು ಕೆಂಪು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು. ಎಮ್ಮೆಯ ಬೆನ್ನು ಕೆಂಪು. ಮೊಸರನ್ನ ಬಡಿಸಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರೆ ಅದೂ ಕೆಂಪು. ಪಂಪಾಪತಿಗೆ ಈ ಧೂಳನ್ನು ಕಂಡರೆ ಹಗೆ.

ಕೊನೆಗೆ ಅವನು ಧೂಳು ಕಾಲಿಡಲಾರದ ಮನೆಯೊಂದನ್ನು ಕಟ್ಟಿಸಿದ. ಕಿಟಕಿಗಳಿಗೆ ಎರಡು ಪದರದ ಗಾಜು, ಬಾಗಿಲುಗಳ ಅಂಚಿಗೆಲ್ಲ ರಬ್ಬರು. ಇರುವೆ ನುಗ್ಗಲೂ ಸಂದಿಲ್ಲ. ಇಷ್ಟು ಬಿಗಿಯಾಗಿ ಮುಚ್ಚಿದ ಮನೆಗೆ ಉಸಿರು ಬೇಕಲ್ಲ? ಅದಕ್ಕೆ ತಾರಸಿಯ ಮೇಲೊಂದು ಯಂತ್ರ ಕೂರಿಸಿದರು. ಹೊರಗಿನ ಗಾಳಿಯನ್ನು ಸೋಸಿ ಒಳಗೆ ಕಳಿಸುವುದು, ಒಳಗಿನ ಹಳಸಲು ಗಾಳಿಯನ್ನು ತೇವದ ಸಮೇತ ಹೊರಗೆ ಎಳೆದುಹಾಕುವುದು ಅದರ ಕೆಲಸ. ಪ್ರತಿ ಕೋಣೆಯ ಗೋಡೆಯ ಮೇಲ್ಗಡೆ ಎರಡು ಜಾಲರಿ. ಒಂದು ಗಾಳಿ ಕೊಡುತ್ತಿತ್ತು, ಇನ್ನೊಂದು ತೆಗೆದುಕೊಳ್ಳುತ್ತಿತ್ತು.

ಇಂಜಿನಿಯರು ಹೋಗುವ ಮುಂಚೆ ಪ್ರತಿ ಕೋಣೆಯಲ್ಲೂ ಒಂದು ದುಂಡನೆಯ ಮೀಟರು ನೇತುಹಾಕಿದ.

"ಇದು ಗಾಳಿಯಲ್ಲಿರೋ ತೇವ ತೋರಿಸುತ್ತೆ ಸಾಹುಕಾರ್ರೇ. ಮುಳ್ಳು ಹಸಿರು ಪಟ್ಟಿ ಮೇಲೆ ಇರಬೇಕು. ಕೆಂಪು ಪಟ್ಟಿಗೆ ಬಂತು ಅಂದರೆ ತೇವ ಹೊರಗೆ ಹೋಗ್ತಿಲ್ಲ ಅಂತ ಅರ್ಥ. ಮನೇಲಿರೋ ಎಲ್ಲರಿಗೂ ಹೇಳಿಬಿಡಿ," ಎಂದ.

ಪಂಪಾಪತಿಗೆ ನಗು ಬಂತು. "ತೇವ? ನಮ್ಮೂರಾಗ? ಇಲ್ಲಿ ಚೆಲ್ಲಿದ ನೀರು ನೆಲ ಮುಟ್ಟೋದ್ರಾಗೇ ಒಣಗ್ತೈತೆ!"

ಆದರೂ ಅವನು ಹೇಳಿದ. ಯಾರಿಗೆ? ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ಹೇಳಿದ. ಟೈರು ಕೊಳ್ಳಲು ಬಂದ ಲಾರಿ ಚಾಲಕರಿಗೆ ಹೇಳಿದ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಸಿಕ್ಕ ಅಪರಿಚಿತನನ್ನೂ ಬಿಡಲಿಲ್ಲ. ಜಾಲರಿ, ಯಂತ್ರ, ಮುಳ್ಳು ಎಲ್ಲವನ್ನೂ ಕೈಯಾಡಿಸಿ ವಿವರಿಸಿದ. ಹೆಂಡತಿ ಹಂಪಮ್ಮನಿಗೆ ಮಾತ್ರ ಹೇಳಲಿಲ್ಲ. ಅಡುಗೆ ಮಾಡುವವಳಿಗೆ ಯಂತ್ರದ ಸಂಗತಿ ಯಾಕೆ ಅಂದುಕೊಂಡನೋ, ಹೇಳಿದ್ದೇನೆ ಅಂದುಕೊಂಡನೋ ಗೊತ್ತಿಲ್ಲ. ಆ ಮನೆಯ ಬಾಗಿಲು ತೆಗೆಯುವವಳು, ಹಾಕುವವಳು, ನೀರು ಕಾಯಿಸುವವಳು, ಬಟ್ಟೆ ಒಣಗಿಸುವವಳು ಅವಳೇ. ನನಗಂತೂ ಈ ಒಂದು ಮಾತಿಗೇ ಸಿಟ್ಟು ನೆತ್ತಿಗೇರುತ್ತದೆ.

ಆಯುಧಪೂಜೆ ಬಂತು. ಹಂಪಮ್ಮ ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಗಂಧ ಕುಂಕುಮ ಇಟ್ಟಳು. ಗೋಡೆಯ ಮೀಟರುಗಳೂ ಯಂತ್ರಗಳೇ ಅಲ್ಲವೇ? ಅವುಗಳಿಗೂ ಗಾಜಿನ ನಟ್ಟನಡುವೆ ಧಾರಾಳವಾಗಿ ಗಂಧ ಬಳಿದು, ಮೇಲೆ ಕುಂಕುಮವಿಟ್ಟು, ಸೇವಂತಿಗೆ ಸಿಕ್ಕಿಸಿ ಕೈಮುಗಿದಳು. ಹೂವು ಬಾಡಿ ಬಿತ್ತು. ಗಂಧ ಒಣಗಿ ಗಟ್ಟಿಯಾಗಿ ನಿಂತಿತು. ಮುಳ್ಳು ಅದರ ಹಿಂದೆ ಮರೆಯಾಯಿತು. ಪೂಜೆ ಮಾಡಿದ್ದನ್ನು ಒರೆಸುತ್ತಾರೆಯೇ? ಯಾರೂ ಒರೆಸಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಮಗಳು ನೀಲಾಂಬಿಕೆ ಮೊದಲ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಹಂಪಮ್ಮನಿಗೆ ಸಂತೋಷ ಎಷ್ಟೋ ಭಯವೂ ಅಷ್ಟೇ. ಅವಳ ಮೊದಲ ಕೂಸು ಹಳೆಯ ಮನೆಯ ಮುರುಕು ಕಿಟಕಿಯ ಪಕ್ಕದಲ್ಲಿ, ಥಂಡಿ ಗಾಳಿಯ ದಿನಗಳಲ್ಲಿ ತೀರಿಹೋಗಿತ್ತು. ಗಾಳಿ ಬಡಿದು ಹೋಯಿತು ಎಂದು ಎಲ್ಲರೂ ಅಂದಿದ್ದರು. ಆ ಮಾತು ಅವಳ ಎದೆಯಲ್ಲಿ ಹಾಗೇ ಕೂತಿತ್ತು. ಈ ಕೂಸನ್ನು ಗಾಳಿಗೆ ಕೊಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಹಟ ಹಿಡಿದಳು.

ಬಾಣಂತಿ ಕೋಣೆಗೆ ಕಾಲಿಟ್ಟ ಮೊದಲ ದಿನವೇ ಅವಳು ತಲೆಯೆತ್ತಿ ನೋಡಿದಳು. "ಯವ್ವಾ! ಮ್ಯಾಲಿಂದ ಗಾಳಿ ಬೀಸ್ತೈತಲ್ಲಾ! ಬಾಣಂತಿ ಕೋಣೆಯಾಗ ಇವೆಂಥ ತೂತು?"

ಪೆಟ್ಟಿಗೆಯಿಂದ ತನ್ನ ಹಳೆಯ ಹಳದಿ ಸೀರೆಯೊಂದನ್ನು ತೆಗೆದಳು. ಕೆಂಪಂಚಿನ, ಒಗೆದು ಒಗೆದು ಬೆಣ್ಣೆಯಂತಾದ ಸೀರೆ. ಅದನ್ನು ಎರಡು ಭಾಗ ಮಾಡಿದಳು. ಒಂದು ಭಾಗವನ್ನು ಹರಿದು ಕೂಸಿಗೆ ಸುತ್ತುವ ಬಟ್ಟೆ ಮಾಡಿದಳು. ಇನ್ನೊಂದು ಭಾಗವನ್ನು ಸ್ಟೂಲು ಹತ್ತಿ ಎರಡೂ ಜಾಲರಿಗಳೊಳಗೆ ತುರುಕಿದಳು. ಬಾಗಿಲಿನ ಕೆಳಗೆ ಗೋಣಿತಟ್ಟು ಒತ್ತಿದಳು. ಗೋಡೆಯ ಥಂಡಿ ಕೂಸಿಗೆ ತಗಲಬಾರದೆಂದು ತೊಟ್ಟಿಲ ಹಿಂದೆ ದಪ್ಪನೆಯ ಕೌದಿಯೊಂದನ್ನು ನೇತುಹಾಕಿದಳು.

ಮುಚ್ಚಿದ ಮನೆಯಲ್ಲಿ ಕೆಂಡ ಇಡಬೇಡ ಎಂದು ಪಂಪಾಪತಿ ಖಡಾಖಂಡಿತವಾಗಿ ಹೇಳಿದ್ದ. ಸರಿ ಎಂದು ಅವಳು ಕೆಂಡದ ಬದಲು ಕರೆಂಟಿನ ಒಲೆಯ ಮೇಲೆ ಅಜವಾನ ಹಾಕಿದ ನೀರನ್ನು ಕುದಿಯಲು ಬಿಟ್ಟಳು. ಕೋಣೆ ಬೆಚ್ಚಗಾಯಿತು. ಕೋಣೆಗೆ ಹೊಂದಿಕೊಂಡ ಬಚ್ಚಲ ಬಾಗಿಲು ತೆರೆದಿಟ್ಟೇ ದಿನವೂ ಬಿಸಿಬಿಸಿ ನೀರು ಎರೆಯುತ್ತಿದ್ದಳು. ಹೊರಗೆ ಹಾಕಿದರೆ ಕೆಂಪಾಗುತ್ತವೆಂದು ಕೂಸಿನ ಬಟ್ಟೆಗಳನ್ನೆಲ್ಲ ಕೋಣೆಯೊಳಗೇ ಹಗ್ಗ ಕಟ್ಟಿ ಒಣಹಾಕಿದಳು. ಅವು ಒಣಗಲೇ ಇಲ್ಲ. ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯತೊಡಗಿತು. ಅವಳು ಅದನ್ನೂ ಬೆಳಿಗ್ಗೆ ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು.

"ಅವ್ವಾ, ಕೋಣೆಯಾಗ ಮುಗ್ಗಲು ವಾಸನೆ ಬರ್ತೈತೆ," ಎಂದಳು ನೀಲಾಂಬಿಕೆ.

"ಬಾಣಂತಿ ಮೂಗಿಗೆ ಎಲ್ಲಾ ವಾಸನೆನೇ ಬಿಡು. ಕಿವಿ ಕಟ್ಕೊಂಡು ಸುಮ್ನೆ ಮಕ್ಕೋ."

ಬಾಣಂತಿಯ ಮಾತಿಗೆ ಯಾವ ಮನೆಯಲ್ಲಿ ಬೆಲೆಯಿದೆ? ಅವಳು ಕಿವಿ ಕಟ್ಟಿಕೊಂಡು ಮಲಗಿದಳು.

ಸ್ವಲ್ಪ ದಿನಕ್ಕೆ ಕೂಸು ಕೆಮ್ಮಿತು. ಆಮೇಲೆ ಎದೆಯಲ್ಲಿ ಗೊರಗೊರ ಸದ್ದು. ಹಾಲು ಕುಡಿಯುತ್ತ ಕುಡಿಯುತ್ತ ಬಿಟ್ಟು ಉಸಿರಿಗೆ ಬಾಯಿ ತೆರೆಯುತ್ತಿತ್ತು. ಆಸ್ಪತ್ರೆಗೆ ಒಯ್ದರು. ಅಲ್ಲಿ ಚೇತರಿಸಿಕೊಂಡಿತು. ಮನೆಗೆ ತಂದರು, ಮತ್ತೆ ಗೊರಗೊರ. ಹಂಪಮ್ಮ ಮತ್ತಷ್ಟು ಭಯಪಟ್ಟು ಕೋಣೆಯನ್ನು ಮತ್ತಷ್ಟು ಮುಚ್ಚಿದಳು. ಮತ್ತೆ ಆಸ್ಪತ್ರೆ. ಈ ಸಲ ಕೂಸಿನ ತುಟಿ ನೀಲಿಗಟ್ಟಿತ್ತು.

ಕೂಸು ಎರಡನೆಯ ಸಲ ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಪಂಪಾಪತಿಯನ್ನು ಕರೆದು, "ಇಲ್ಲಿ ಚೆನ್ನಾಗಿರೋ ಮಗು ಮನೇಲಿ ಯಾಕೆ ಹೀಗಾಗುತ್ತೆ? ಅದು ಮಲಗೋ ಕೋಣೆ ನೋಡಿದೀರಾ?" ಎಂದು ಕೇಳಿದರು.

ಅವನಿಗೆ ಅವಮಾನವಾಯಿತು. "ನಮ್ಮನಿಯಾಗ ಒಂದು ಕಣ ಧೂಳು ತೋರಿಸ್ರಿ ಮೇಡಂ, ನೋಡಾಣ!"

"ನಾನು ಧೂಳು ಅಂದೆನಾ?" ಎಂದರು ಅವರು.

ಪಂಪಾಪತಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ನೀಲಾಂಬಿಕೆ ಹಾಕಿಕೊಂಡಳು.

ಮನೆಗೆ ಬಂದವಳೇ ಕೋಣೆಯ ಬಾಗಿಲು ತೆರೆದಳು. ಆಸ್ಪತ್ರೆಯಲ್ಲಿ ಕಳೆದು ಬಂದ ಅವಳ ಮೂಗಿಗೆ ಒಳಗಿನ ವಾಸನೆ ರಪ್ಪನೆ ಹೊಡೆಯಿತು. ಇದರಲ್ಲಿ ನಾನು ಮಲಗಿದ್ದೆನೇ? ನನ್ನ ಕೂಸು ಮಲಗಿತ್ತೇ?

"ಅವ್ವಾ, ಕೂಸನ್ನ ಹಿಡ್ಕೋ. ಒಳಗ ತರಬ್ಯಾಡ."

ಒಳಗೆ ಹೋದಳು. ಕೂಸು ಬರುತ್ತದೆಂದು ಹಂಪಮ್ಮ ಆಗಲೇ ಇಟ್ಟಿದ್ದ ನೀರು ಒಲೆಯ ಮೇಲೆ ಕುದಿಯುತ್ತಿತ್ತು. ಗಾಜಿನ ಮೇಲೆ ನೀರು ಸುರಿಯುತ್ತಿತ್ತು. ಗೋಡೆಯ ಮೇಲೆ ಕುಂಕುಮ ಹಚ್ಚಿದ ಮೀಟರು. ಅಪ್ಪ ಊರಿಗೆಲ್ಲ ವರ್ಣಿಸುತ್ತಿದ್ದ ಮೀಟರು ಇದೇ ಅಲ್ಲವೇ? ಉಗುರಿನಿಂದ ಒಣಗಿದ ಗಂಧವನ್ನು ಕೆರೆದಳು. ಮುಳ್ಳು ಕಂಡಿತು. ಕೆಂಪು ಪಟ್ಟಿಯ ಕೊನೆಯನ್ನು ಒತ್ತಿಕೊಂಡು, ಇನ್ನು ಮುಂದೆ ಹೋಗಲು ಜಾಗವಿಲ್ಲದೆ ನಿಂತಿತ್ತು.

ಅವಳು ತೊಟ್ಟಿಲ ಹತ್ತಿರ ಹೋಗಿ ಕೌದಿಯನ್ನು ಮುಟ್ಟಿದಳು. ಒದ್ದೆ. ಎತ್ತಿದಳು.

"ಅಪ್ಪಾ!"

ಆ ಕೂಗಿಗೆ ಪಂಪಾಪತಿ ಓಡಿಬಂದ. ಗೋಡೆ ಕಪ್ಪಗಿತ್ತು. ನೆಲದಿಂದ ಕೌದಿಯ ಎತ್ತರದವರೆಗೂ ಕಪ್ಪು, ಅಲ್ಲಲ್ಲಿ ಹಸಿರು, ಮೇಲೆ ನವಿರು ನವಿರಾದ ಬೂಷ್ಟು. ಕೌದಿಯ ಹಿಂಬದಿಯೂ ಹಾಗೆಯೇ. ಕೂಸಿನ ಮೂಗಿಗೂ ಆ ಗೋಡೆಗೂ ನಡುವೆ ಇದ್ದದ್ದು ಆ ಒಂದು ಕೌದಿ. ಬಿಸಿಲಿಗೆ ಬಂಡೆ ಸಿಡಿಯುವ ಊರಿನಲ್ಲಿ, ಒಂದು ಕಣ ಧೂಳಿಲ್ಲದ ಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ ಇದು ಬೆಳೆದಿತ್ತು! ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಪಂಪಾಪತಿ ತಲೆಯೆತ್ತಿದ. ಜಾಲರಿಯ ಸಂದಿಯಲ್ಲಿ ಬಟ್ಟೆಯ ತುದಿಯೊಂದು ಇಣುಕುತ್ತಿತ್ತು. ಸ್ಟೂಲು ಹತ್ತಿ ಜಾಲರಿ ಕಳಚಿ ಎಳೆದ. ಬಂತು, ಇನ್ನೂ ಬಂತು. ಹಸಿಹಸಿಯಾಗಿ, ಕಪ್ಪಾಗಿ, ನಾರುತ್ತ ಉದ್ದಕ್ಕೆ ಬಂತು. ಎಲ್ಲೋ ಒಂದೆರಡು ಕಡೆ ಮಾತ್ರ ಹಳದಿ ಉಳಿದಿತ್ತು. ಅಂಚು ಕೆಂಪು.

ಬಾಗಿಲಲ್ಲಿ ಹಂಪಮ್ಮ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಕಣ್ಣು ಗಂಡನ ಕೈಯಲ್ಲಿದ್ದ ಬಟ್ಟೆಯ ಮೇಲೆ ಹೋಯಿತು. ಆಮೇಲೆ ತನ್ನ ಕೈಯಲ್ಲಿದ್ದ ಕೂಸಿನ ಮೇಲೆ ಬಂತು. ಕೂಸಿಗೆ ಸುತ್ತಿದ್ದದ್ದು ಅದೇ ಸೀರೆಯ ಇನ್ನರ್ಧ.

"ಗಾಳಿ ತಗಲಬಾರದು ಅಂತ ಮುಚ್ಚಿದ್ನಲ್ರೀ..." ಎಂದಳು. "ನನ್ನ ಕೈಯಾರೆ ಇದರ ಉಸಿರೇ ಮುಚ್ಚಿದ್ನೇನು?"

ಪಂಪಾಪತಿಗೆ ಸಿಟ್ಟು ಉಕ್ಕಿತು. "ಎಂಥಾ ಕೆಲಸ ಮಾಡಿಟ್ಟೀಯೇ! ಆ ಜಾಲರಿ ಯಾಕದಾವೆ ಅಂತ..."

"ಅಪ್ಪಾ," ಎಂದು ನೀಲಾಂಬಿಕೆ ತಡೆದಳು. "ಅವು ಯಾಕದಾವೆ ಅಂತ ಅವ್ವಗ ಯಾವತ್ತಾರ ಹೇಳಿದ್ದೇನು?"

ಅವನು ಬಾಯಿ ತೆರೆದ. ನೆಂಟರ ಮುಖ ನೆನಪಾಯಿತು. ಲಾರಿ ಚಾಲಕರ ಮುಖ ನೆನಪಾಯಿತು. ಬಸ್ಸಿನ ಆ ಅಪರಿಚಿತ ಕೂಡ ನೆನಪಾದ. ಹೆಂಡತಿಗೆ ಹೇಳಿದ ಒಂದು ದಿನವೂ ನೆನಪಾಗಲಿಲ್ಲ. ಸ್ಟೂಲಿನಿಂದ ಇಳಿದು ಅಲ್ಲೇ ನೆಲದ ಮೇಲೆ ಕುಳಿತ.

"ಇಲ್ಲ," ಎಂದ. "ತಪ್ಪು ನಂದು, ಹಂಪೀ. ಊರಿಗೆಲ್ಲ ಹೇಳಿದೆ, ನಿನಗ ಹೇಳಲಿಲ್ಲ."

ಅವತ್ತೇ ಕೂಸಿನ ತೊಟ್ಟಿಲು ಮುಂದಿನ ಕೋಣೆಗೆ ಬಂತು. ಕುದಿಯುವ ನೀರಿನ ಪಾತ್ರೆ ಅಡುಗೆಮನೆಗೆ ಹೋಯಿತು. ಎರೆಯುವಾಗ ಬಚ್ಚಲ ಬಾಗಿಲು ಹಾಕತೊಡಗಿದರು. ಬಟ್ಟೆ ಒಣಗಿಸುವ ಹಗ್ಗ ಹಿತ್ತಲಿಗೆ ಹೋಯಿತು. ಕೆಂಪಾದರೆ ಕೆಂಪಾಗಲಿ, ಮತ್ತೆ ಒಗೆದರಾಯಿತು! ಕಪ್ಪು ಗೋಡೆಯನ್ನು ಕೆರೆದು ತೊಳೆಸಿ, ಎಷ್ಟೋ ದಿನ ಒಣಗಲು ಬಿಟ್ಟರು. ಜಾಲರಿಗಳು ಮತ್ತೆ ಉಸಿರಾಡಿದವು. ಪಂಪಾಪತಿ ಹೆಂಡತಿಯನ್ನು ತಾರಸಿಗೆ ಕರೆದೊಯ್ದು ಯಂತ್ರವನ್ನು ತೋರಿಸಿದ. ಅವಳು ಎಲ್ಲ ಕೇಳಿಸಿಕೊಂಡು, "ಹಂಗಾರ ಗಾಳಿ ಕೋಣೆಯಾಗ ಆಡ್ಬೇಕು, ಕೂಸಿನ ಮೈಮ್ಯಾಲ ಬೀಸಬಾರದು. ಅಷ್ಟೇ ಹೌದಲ್ಲ?" ಎಂದಳು. ಇಂಜಿನಿಯರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ತೊಟ್ಟಿಲನ್ನು ಜಾಲರಿಯ ನೇರಕ್ಕೆ ಬಾರದಂತೆ ಅವಳೇ ಪಕ್ಕಕ್ಕೆ ಸರಿಸಿದಳು.

ಕೂಸಿನ ಎದೆಯ ಗೊರಗೊರ ಮೆಲ್ಲಗೆ ಇಳಿಯಿತು. ಅದು ಪೂರ್ತಿ ನಿಂತ ದಿನ ಹಂಪಮ್ಮ ತೊಟ್ಟಿಲ ಮೇಲೆ ಬಗ್ಗಿ, ಕಿವಿಗೊಟ್ಟು, ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ಒಬ್ಬಳೇ ಹಿತ್ತಲಿಗೆ ಹೋಗಿ ಅತ್ತಳು.

ಮರುವರ್ಷ ಮತ್ತೆ ಆಯುಧಪೂಜೆ ಬಂತು. ಕೂಸು ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತುತ್ತಿತ್ತು. ಹಂಪಮ್ಮ ಸ್ಕೂಟರಿಗೆ, ಮಿಕ್ಸಿಗೆ ಗಂಧ ಕುಂಕುಮ ಇಟ್ಟು ಮೀಟರಿನ ಮುಂದೆ ಬಂದು ನಿಂತಳು. ಅದರ ಅಂಚಿಗೆ ಮಾತ್ರ ಒಂದು ಸಣ್ಣ ಬೊಟ್ಟು ಇಟ್ಟಳು. ಗಾಜಿಗೆ ತಗಲಿದ್ದ ಚೂರು ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಮುಳ್ಳು ಹಸಿರಿನ ಮೇಲಿತ್ತು. ಅದನ್ನು ನೋಡಿದ ಮೇಲೆಯೇ ಕೈಮುಗಿದಳು.

ನೀತಿ: ಹೊರಗಿನ ಕೆಡುಕಿಗೆ ಬಾಗಿಲು ಹಾಕಿದರೆ ಸಾಲದು, ಒಳಗೆ ಹುಟ್ಟುವ ಕೆಡುಕು ಹೊರಗೆ ಹೋಗಲು ದಾರಿಯನ್ನೂ ಬಿಡಬೇಕು. ಆ ದಾರಿ ಯಾವುದೆಂದು ಊರಿಗೆ ಹೇಳುವ ಮೊದಲು ಮನೆಯವರಿಗೆ ಹೇಳಬೇಕು. ತಿಳಿಯದೆ ತೋರಿಸಿದ ಪ್ರೀತಿಯೂ ಉಸಿರು ಕಟ್ಟಿಸಬಲ್ಲದು.