ಇನ್ನಾಸಿಯ ಐದು ತಂತಿ

ಒಂದು ಗಿಟಾರು, ಅದಕ್ಕೆ ಹನ್ನೊಂದು ಸಂಜೆಯ ಹಾಡು. ವ್ಯಾಪಾರ ಇಷ್ಟೇ. ಮಿಕ್ಕದ್ದರಲ್ಲಿ ಜನ ಸೇರಿಸಿದ್ದು ಎಷ್ಟು, ನಡೆದದ್ದು ಎಷ್ಟು, ಕೇಳುವವರು ತೂಗಿಕೊಳ್ಳಲಿ.

ಬಹಳ ಹಿಂದೆ, ನೆಲದೊಳಗಿಂದ ಚಿನ್ನ ತೆಗೆಯುತ್ತಿದ್ದ ಒಂದು ಊರು. ದಿಬ್ಬದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು. ಕೆಳಗೆ ಗಣಿ ಆಳುಗಳ ತಗಡಿನ ಮನೆಗಳ ಸಾಲು, ಅದಕ್ಕೆ ಲೈನು ಎನ್ನುತ್ತಿದ್ದರು. ಆ ಲೈನಿನಲ್ಲಿ ಸೂಸಮ್ಮ ಎಂಬುವಳಿದ್ದಳು. ಗಂಡನನ್ನು ಗಣಿ ನುಂಗಿತ್ತು. ಇದ್ದೊಬ್ಬ ಮಗ ಇನ್ನಾಸಿಯನ್ನು ಕೆಳಗಿಳಿಸುವುದಿಲ್ಲ ಎಂದು ಇಗರ್ಜಿಯ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ ಹರಕೆ ಹೊತ್ತಿದ್ದಳಂತೆ. ಹಾಗಾಗಿ ಇನ್ನಾಸಿಗೆ ಕ್ಲಬ್ಬಿನಲ್ಲಿ ಲೋಟ ತೊಳೆಯುವ ಕೆಲಸ.

ಕ್ಲಬ್ಬಿನಲ್ಲಿ ದೊರೆಗಳ ಮಕ್ಕಳು ಗ್ರಾಮಫೋನಿಗೆ ರಾಕ್ ಅಂಡ್ ರೋಲ್ ಪ್ಲೇಟು ಹಾಕಿ ಕುಣಿಯುತ್ತಿದ್ದರು. ಅವುಗಳಲ್ಲಿ ಹಾಡಿದವರ ಪೈಕಿ ಕೆಲವರು ಮೀಸೆ ಬಲಿಯುವ ಮೊದಲೇ ಸತ್ತಿದ್ದರಂತೆ. ಒಬ್ಬ ಕಾರಿನಲ್ಲಿ, ಒಬ್ಬ ವಿಮಾನದಲ್ಲಿ. ಸತ್ತವರು ಹಾಡುತ್ತಿದ್ದರು, ಇನ್ನಾಸಿ ಲೋಟ ತೊಳೆಯುತ್ತ ಕಲಿಯುತ್ತಿದ್ದ. ಭಾಷೆ ಹತ್ತಲಿಲ್ಲ, ತಾಳ ಹತ್ತಿತು. ಹುಟ್ಟಿದಾಗಿನಿಂದ ಅದಿರು ಕುಟ್ಟುವ ಗಿರಣಿಯ ಸದ್ದು ಕೇಳಿದವನಿಗೆ ಆ ತಾಳವೇನು ಹೊಸದೇ?

ಯಾರದೋ ಮುರುಕು ಗಿಟಾರು ಎರವಲು ತಂದು ಅವನು ಲೈನಿನ ನಲ್ಲಿಕಟ್ಟೆಯ ಮೇಲೆ ನುಡಿಸಿದನಂತೆ. ಕುಂಟರು ಎದ್ದು ಕುಣಿದರಂತೆ. ಇದನ್ನು ನಾನು ನಂಬುವುದಿಲ್ಲ. ಆದರೆ ಅವನು ಹಾಡಿದ ಸಂಜೆ ಸಾರಾಯಿ ಅಂಗಡಿ ಬಿಕೋ ಎನ್ನುತ್ತಿತ್ತಂತೆ. ಇದನ್ನು ಹೇಳಿದವನು ಸಾರಾಯಿ ಅಂಗಡಿಯವನೇ. ನಷ್ಟವಾದವನ ಮಾತನ್ನು ನಂಬಬಹುದು.

ಸುದ್ದಿ ಪಟ್ಟಣಕ್ಕೆ ಹೋಯಿತು. ಪ್ಲೇಟು ಕಂಪನಿಯವನೊಬ್ಬ ಬಂದು ಹಾಡು ಕೇಳಿದ. ನಿನ್ನದೇ ಒಂದು ಗಿಟಾರು ಹಿಡಿದು ಬಾ, ನಿನ್ನ ಹಾಡು ಪ್ಲೇಟಿಗೆ ಹಾಕುತ್ತೇನೆ ಎಂದ. ಇನ್ನಾಸಿ ನೇರ ಊರ ಪೇಟೆಗೆ ಬಂದ. ಪೇಟೆಯಲ್ಲಿ ವಾದ್ಯ ಮಾರುತ್ತಿದ್ದವರು ಒಬ್ಬರೇ, ಕೋದಂಡರಾಮ ಶೆಟ್ಟರು. ನನ್ನ ತಾತ.

ಕೊಡಲು ಇನ್ನಾಸಿಯ ಹತ್ತಿರ ಹಾಡಲ್ಲದೆ ಬೇರೇನೂ ಇರಲಿಲ್ಲ. ನೀವು ಹೇಳಿದ ಕಡೆ ಹತ್ತು ಸಂಜೆ ಹಾಡುತ್ತೇನೆ, ಗಿಟಾರು ನನ್ನದಾಗಲಿ ಎಂದ. ತಾತ ಲೆಕ್ಕ ಹಾಕಿದರು. ಹತ್ತು ಸರಿಯಾದ ಬೆಲೆಯೇ. ಆದರೆ ನಮ್ಮವರಲ್ಲಿ ಸೊನ್ನೆಗೆ ವ್ಯಾಪಾರ ನಿಲ್ಲಿಸುವ ವಾಡಿಕೆಯಿಲ್ಲ.

"ಮೇಲೊಂದು ಸೇರಿಸಪ್ಪ, ಶುಭಕ್ಕೆ."

"ಶುಭ ಯಾರಿಗೆ ಶೆಟ್ರೇ?" ಎಂದು ಇನ್ನಾಸಿ ನಕ್ಕನಂತೆ.

"ಇಬ್ಬರಿಗೂ ಕಣೋ."

ಹತ್ತು ಸಂಜೆ ಅವನು ಹಾಡಿದ. ಅಂಗಡಿಯ ಮುಂದೆ ಹಾಡಿದ, ನಾಮಕರಣದಲ್ಲಿ ಹಾಡಿದ, ಮಳೆ ಹನಿಯುತ್ತಿದ್ದಾಗ ಛತ್ರದ ಸಜ್ಜೆಯ ಕೆಳಗೆ ನಿಂತು ಹಾಡಿದ. ಹನ್ನೊಂದನೆಯದು ಕೆರೆಯಾಚೆಯ ಊರಲ್ಲಿ, ತಾತನ ಭಾವಮೈದುನನ ಮದುವೆಯ ಆರತಕ್ಷತೆ.

ಅಂದು ಬೆಳಿಗ್ಗೆ ಗಣಿಯೊಳಗೆ ಬಂಡೆ ಕುಸಿದು ಒಬ್ಬ ಸತ್ತ. ಲೈನಿನಲ್ಲೊಂದು ಕಟ್ಟಳೆ. ಸತ್ತವನು ಮೇಲೆ ಬಂದು ಮಣ್ಣಾಗುವವರೆಗೆ ಯಾರೂ ವಾದ್ಯ ಮುಟ್ಟಬಾರದು, ಯಾರೂ ಊರಂಚಿನ ರೈಲು ಗೇಟು ದಾಟಬಾರದು. ಸೂಸಮ್ಮ ಬಾಗಿಲಿಗೆ ಅಡ್ಡ ಕೂತಳಂತೆ. ಹಾಡುವುದಿಲ್ಲ, ಹೇಳಿ ಬರುತ್ತೇನೆ ಅಷ್ಟೇ ಎಂದು ಇನ್ನಾಸಿ ಅವಳನ್ನು ದಾಟಿ ಅಂಗಡಿಗೆ ಬಂದ. ಬೇರೆ ಯಾವ ದಿನವಾದರೂ ಹಾಡುತ್ತೇನೆ, ಒಂದಕ್ಕೆ ಎರಡು ಹಾಡುತ್ತೇನೆ ಎಂದು ಕೇಳಿಕೊಂಡ.

ತಾತ ಅಂದರಂತೆ, "ಮದುವೆ ಹೆಣಕ್ಕೆ ಕಾಯುತ್ತೇನಯ್ಯಾ? ಅದು ಗಣಿ ಇಳಿಯೋರ ಕಟ್ಟಳೆ. ಲೋಟ ತೊಳೆಯೋನಿಗೆ ಯಾಕೆ?"

ಆ ಮಾತು ಅವನಿಗೆ ಚುಚ್ಚಿತಂತೆ. ಇವತ್ತು ಮುಗಿದರೆ ಗಿಟಾರು ನನ್ನದು ತಾನೇ ಎಂದು ಎರಡು ಸಲ ಕೇಳಿದನಂತೆ. ಹೌದು ಎಂದರು. ಅವನು ಅಂಗಡಿಯ ಗಿಟಾರು ಹಿಡಿದು ಗೇಟು ದಾಟಿ ಮರದ ದಿಮ್ಮಿ ತುಂಬಿದ ಲಾರಿ ಹತ್ತಿದ. ಕೆರೆ ಏರಿಯ ತಿರುವಿನಲ್ಲಿ ಲಾರಿ ಮಗುಚಿತು. ಸತ್ತಾಗ ಅವನಿಗೆ ಇಪ್ಪತ್ತೊಂದು. ಅಲ್ಲೂ ಮೇಲೊಂದು.

ಗಿಟಾರು ಮಾತ್ರ ಏರಿಯ ಹೊಂಗೆಮರದ ಕೊಂಬೆಗೆ ಸಿಕ್ಕಿಕೊಂಡಿತ್ತಂತೆ, ಯಾರೋ ನೇತುಹಾಕಿದ ಹಾಗೆ, ಒಂದು ಗೀರೂ ಇಲ್ಲದೆ. ಅದು ಅಂಗಡಿಗೆ ವಾಪಸು ಬಂತು.

ಮಾರನೆಯ ದಿನ ಸೂಸಮ್ಮ ಬಂದಳು. ಪೆಟ್ಟಿಗೆಯಲ್ಲಿ ಅವನ ಜೊತೆ ಇಡುತ್ತೇನೆ, ಗಿಟಾರು ಕೊಡಿ ಎಂದಳು. ತಾತ ಒಪ್ಪಂದ ಹೇಳಿದರು. ಹನ್ನೊಂದು ಆಗಲಿಲ್ಲವಮ್ಮ, ವಸ್ತು ಅಂಗಡಿಯದು ಎಂದರು. ಅವಳು ಅಳಲಿಲ್ಲವಂತೆ.

"ಹತ್ತು ಹಾಡಿದ್ದಾನಲ್ಲ ಶೆಟ್ರೇ. ಅಷ್ಟಕ್ಕೆ ಎಷ್ಟು ಬರುತ್ತೋ ಅಷ್ಟು ಕೊಡಿ."

ತಾತ ನ್ಯಾಯ ತಪ್ಪಿದವರಲ್ಲ. ಹನ್ನೊಂದರಲ್ಲಿ ಹತ್ತು, ಇರುವುದು ಆರು ತಂತಿ. ಐದು ಬಂತು, ಮೇಲೊಂದು ಚೂರು. ಚೂರನ್ನು ಬಿಟ್ಟು ಐದು ತಂತಿ ಬಿಚ್ಚಿ ಅವಳ ಸೆರಗಿಗೆ ಹಾಕಿದರು. ಅಂದು ಮಾತ್ರ ಶುಭಕ್ಕೆಂದು ಮೇಲೊಂದು ಸೇರಿಸಲಿಲ್ಲ. ಅವಳು ಆ ಐದನ್ನೂ ಜಪಮಾಲೆಯ ಹಾಗೆ ಮಗನ ಕೈಗೆ ಸುತ್ತಿ ಮಣ್ಣು ಮಾಡಿದಳಂತೆ.

ಒಂಟಿ ತಂತಿಯ ಗಿಟಾರನ್ನು ತಾತ ಗಾಜಿನ ಬೀರುವಿನಲ್ಲಿಟ್ಟರು. ನೋಡಲು ಜನ ಮುಗಿಬಿದ್ದರು. ಬದುಕಿದ್ದಾಗ ತಲೆ ಕೆಟ್ಟವನು ಎಂದವರೇ ತಮ್ಮ ಮಕ್ಕಳಿಗೆ ಗಿಟಾರು ಕೊಂಡುಹೋದರು. ಪ್ಲೇಟು ಕಂಪನಿಯವನೂ ಬಂದ. ಬೀರುವಿನ ಫೋಟೋ ತೆಗೆದುಕೊಂಡು ಹೋದ. ಇನ್ನಾಸಿಯ ದನಿ ಯಾವ ಪ್ಲೇಟಿನ ಮೇಲೂ ಇಲ್ಲ.

ಈಗ ಗಣಿ ಮುಚ್ಚಿದೆ, ಕ್ಲಬ್ಬಿನ ಸೂರು ಬಿದ್ದಿದೆ. ಆದರೂ ಆ ಊರಲ್ಲಿ ಗಿಟಾರು ಹಿಡಿದವನು ಯಾರೇ ಆಗಲಿ, ಮೊದಲ ಹಾಡನ್ನು ಒಂದೇ ತಂತಿಯಲ್ಲಿ ನುಡಿಸುತ್ತಾನೆ. ಹತ್ತು ಹಾಡಿಗೆ ಕೆಳಗಿಡುತ್ತಾನೆ. ಇನ್ನೊಂದು ಹಾಡು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೊರಗಿನವರು.

ನಮ್ಮ ಲೆಕ್ಕ ಹೇಳಿಬಿಡುತ್ತೇನೆ. ಬಂದದ್ದು ಹತ್ತು ಸಂಜೆ, ಆಮೇಲೆ ಮೂರು ಮಹಡಿಯ ಅಂಗಡಿ. ಕೊಟ್ಟದ್ದು ಐದು ತಂತಿ. ಉಳಿದದ್ದು ಒಂದು, ತುಕ್ಕು ಹಿಡಿದದ್ದು. ಅದನ್ನು ಕೇಳಿ ಇದುವರೆಗೆ ಯಾರೂ ಬಂದಿಲ್ಲ.