ಬಾಳವ್ವನ ತಮ್ಮ ಗುಂಡು ಎತ್ತಿದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಮಲಪ್ರಭೆ ಹಿಂದಕ್ಕೆ ಹರಿಯಲಿ. ನಮ್ಮ ಕಡೆ ನನ್ನಷ್ಟು ಖರೇ ಮಾತಾಡುವವನು ಇನ್ನೊಬ್ಬನಿಲ್ಲ. ಇದ್ದರೆ ಅವನೂ ನನ್ನ ಹತ್ತಿರವೇ ಕಲಿತಿರಬೇಕು.

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಅದರ ಮುಂದೆ ನೀರಿಗಿಳಿಯುವ ಕಲ್ಲುಮೆಟ್ಟಿಲು, ನಮ್ಮ ಕಡೆ ಪಾವಟಿಗಿ ಅಂತಾರೆ. ಅಂಗಳದಲ್ಲಿ ಪೈಲ್ವಾನರು ಎತ್ತುವ ಗುಂಡುಕಲ್ಲುಗಳ ಸಾಲು. ಮಠದ ಅಜ್ಜಾರು ಆ ಮುಪ್ಪಿನಲ್ಲೂ ಒಂದನ್ನು ಎತ್ತಿ ನೆಲಕ್ಕೆ ಬಿಟ್ಟರೆ ಆಚೆ ದಂಡೆಯ ಮನೆಗಳಲ್ಲಿ ಗಡಿಗೆಗಳು ನಡುಗುತ್ತಿದ್ದವು.

ಅಲ್ಲಿಗೆ ದುಂಡಪ್ಪ ಬಂದ. ಅರವತ್ತು ದಾಟಿದವನು, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯವನು. ಹೆಸರೊಂದೇ ದುಂಡಗೆ.

"ಅಜ್ಜಾರ, ನಮ್ಮ ಬಾಳವ್ವಕ್ಕನ್ನ ಹೊಳಿಗೆ ಇಳಿಸಬೇಕ್ರಿ. ಸಣ್ಣವಿದ್ದಾಗ ನನ್ನನ್ನ ತನ್ನ ಟೊಂಕದ ಮ್ಯಾಲ ಕೂಡಿಸ್ಕೊಂಡು ಇದ ಪಾವಟಿಗಿ ಇಳೀತಿದ್ಲು. ಈಗ ಆಕಿ ಕಾಲು ಹೋಗ್ಯಾವು. ಹಾಸಿಗ್ಯಾಗ ಮಲಗಿ ನೀರಿನ ಸಪ್ಪಳ ಕೇಳ್ತಾಳ."

"ಎತ್ಕೊಂಡು ಬಾ."

"ಎತ್ತಾಕ ಆಗವಲ್ದು. ನನ್ನ ತೊಡಿ ನೋಡ್ರಿ, ಜ್ವಾಳದ ದಂಟು."

"ಇಷ್ಟ ದಿನ ಏನ್ ಮಾಡಿದಿ?"

"ಬಿಟ್ಟೀನ್ರಿ. ಸಕ್ರಿ ಬಿಟ್ಟೆ. ಅನ್ನ ಬಿಟ್ಟೆ. ಹೋಳಿಗಿ ಬಿಟ್ಟೆ. ವಯಸ್ಸಾತು ಅಂತ ಭಾರ ಎತ್ತೂದೂ ಬಿಟ್ಟೆ."

"ಬಿಡೂದು ಕಲತೀಯಪಾ. ಹಿಡಿಯೂದು ಯಾವಾಗ?"

ಅಜ್ಜಾರು ಸಾಲಿನ ಕಡೆಯ ಕಲ್ಲು ತೋರಿಸಿದರು. ತೆಂಗಿನಕಾಯಿಯಷ್ಟಿತ್ತು.

ದುಂಡಪ್ಪನಿಗೆ ಅವಮಾನವಾಯಿತು. "ಇದೇನ್ರಿ, ಉಪ್ಪಿನಕಾಯಿ ಭರಣಿ ಮ್ಯಾಲ ಇಡೂ ಕಲ್ಲು!"

"ಹಂಗಾರ ಸಲೀಸ ಎತ್ತು."

ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಏದುಸಿರು ಬಿಟ್ಟು ಕಟ್ಟೆಯ ಮೇಲೆ ಕುಳಿತ. ಏಳಲು ಕೈ ಊರಿದ.

"ಕೈ ತಗಿ. ತೊಡಿಗೆ ಕೆಲಸ ಕೊಡು. ನಾಡದು ಬಾ."

"ನಾಳಿ ಬ್ಯಾಡೇನ್ರಿ?"

"ನಾಳಿ ಮೈ ತನ್ನ ಕೆಲಸ ಮಾಡ್ತದ. ನೀ ನಡುವ ಬಾಯಿ ಹಾಕಬ್ಯಾಡ."

ಹೀಗೆ ನಡೆಯಿತು. ಸಂಜೆ ಮನೆಗೆ ಹೋದರೆ ಅಕ್ಕನ ಮಾತು ಒಂದೇ: "ತಮ್ಮಾ, ನೀರು ಯಾವ ಪಾವಟಿಗಿಗೆ ಬಂದೈತಿ?" ಅವನು ಹೇಳುತ್ತಿದ್ದ. ಅವಳು ಕಣ್ಣು ಮುಚ್ಚಿ ಅಷ್ಟೂ ಮೆಟ್ಟಿಲು ಇಳಿಯುತ್ತಿದ್ದಳು.

ದುಂಡಪ್ಪನಿಗೆ ಅವಸರ ಹತ್ತಿತು. ಶ್ರಾವಣ ಸೋಮವಾರ ಉಪವಾಸ ಹಿಡಿದು ಗುಂಡು ಎತ್ತಿದರೆ ಶಿವ ಕೈ ಹಿಡಿದಾನು ಎಂದು ಬೆಳಗಿನ ಗುಳಿಗೆಯನ್ನಷ್ಟೇ ನುಂಗಿ ಬಂದ. ದೊಡ್ಡ ಕಲ್ಲಿಗೇ ಕೈ ಹಾಕಿದ.

ಮೈಯೆಲ್ಲ ಬೆವರು. ಕೈಕಾಲು ನಡುಕ. ಕಣ್ಣಿಗೆ ಕತ್ತಲೆ.

ಅಜ್ಜಾರು ಓಡಿಬಂದು ಬಾಯಿಗೆ ಬೆಲ್ಲದ ಹೆಂಟೆ ತುರುಕಿದರು.

"ಅಜ್ಜಾರ... ಬೆಲ್ಲ! ಸಕ್ರಿ ಬ್ಯಾನಿಯವಗ!"

"ಈಗ ಸಕ್ರಿ ಪೂರಾ ಇಳದೈತಿ. ಬಾಯಿ ಮುಚ್ಚಿ ಚೀಪು."

ನಡುಕ ನಿಂತ ಮೇಲೆ ಕೇಳಿದರು: "ಗುಳಿಗಿ ನುಂಗಿ, ಉಪಾಸ ಹಿಡದು, ಗುಂಡ ಎತ್ತಾಕ ಬಂದೀಯಲ್ಲ. ಶಿವನ್ನ ಒಲಿಸಾಕೋ, ಶಿವನ ಪಾದ ಸೇರಾಕೋ?"

ದುಂಡಪ್ಪ ತಲೆ ತಗ್ಗಿಸಿದ. "ಅಕ್ಕಗ ದಿನಾ ಬಾಳ ಉಳಿದಿಲ್ರಿ."

"ಅದಕ್ಕ ನೀ ಉಳಿಬೇಕು. ಡಾಕ್ಟರನ್ನ ಕೇಳಿ, ಉಂಡು ಬಾ. ಸಣ್ಣ ಕಲ್ಲು ಹಿಡಿ."

ಮಳೆ ಹೋಯಿತು, ಚಳಿ ಬಂತು. ಕಲ್ಲುಗಳು ಒಂದೊಂದಾಗಿ ದೊಡ್ಡವಾದವು. ದುಂಡಪ್ಪ ಕೈ ಊರದೆ ಏಳತೊಡಗಿದ.

ಒಂದು ಮುಂಜಾನೆ ಬಾಳವ್ವ ತಮ್ಮನ ಬೆನ್ನ ಮೇಲೆ ಉಪ್ಪಿನ ಮೂಟೆಯಾಗಿ ಬಂದಳು. "ಬೀಳಸಿದರ ಅವ್ವಗ ಹೇಳ್ತೀನಿ ನೋಡು," ಎಂದಳು. ಅವ್ವ ತೀರಿ ಎಷ್ಟೋ ವರ್ಷವಾಗಿತ್ತು.

ಒಂದೊಂದೇ ಮೆಟ್ಟಿಲು. ಅಜ್ಜಾರು ಪಕ್ಕದಲ್ಲೇ ಇಳಿದರು. ಕಡೆಯ ಮೆಟ್ಟಿಲ ಮೇಲೆ ದುಂಡಪ್ಪ ಅವಳನ್ನು ಕೂರಿಸಿ, ಕಾಲನ್ನು ನೀರಿಗೆ ಇಳಿಸಿದ. ಹೊಳೆಯ ಮೀನುಗಳೆಲ್ಲ ಸಾಲಾಗಿ ಬಂದು ಅವಳ ಪಾದಕ್ಕೆ ನಮಸ್ಕರಿಸಿದವು.

ಬಾಳವ್ವ ಬೊಗಸೆಯಲ್ಲಿ ನೀರು ಎತ್ತಿ ಮೊಣಕಾಲಿಗೆ ಹೊಯ್ದುಕೊಂಡಳು. "ತಣ್ಣಗೈತೋ ತಮ್ಮಾ," ಎಂದಳು. ಆಮೇಲೆ ಮೆಲ್ಲಗೆ, "ನಾಳಿನೂ ಬರೂಣೇನು?"

ಸರಿ, ಮೀನಿನ ನಮಸ್ಕಾರ ನಾನು ಸೇರಿಸಿದ್ದು. ಅದೊಂದೇ, ಅದೂ ಸಣ್ಣದು. ಮುಂದಿನದು ಖರೇ.

ದುಂಡಪ್ಪ ಕಣ್ಣೊರೆಸಿಕೊಂಡ. "ಅಜ್ಜಾರ, ನನ್ನ ಆಸೆ ತೀರಿತು. ಇನ್ನ ಗುಂಡ ಎತ್ತೂದು ಬಿಡಲೇನ್ರಿ?"

ಅಜ್ಜಾರು ಇಳಿದು ಬಂದ ಮೆಟ್ಟಿಲುಗಳನ್ನು ಒಮ್ಮೆ ನೋಡಿದರು.

"ಮೊದಲ ಅಕ್ಕನ್ನ ಮ್ಯಾಲ ಹತ್ತಿಸು."